ರಾತ್ರಿ ಶೂಟಿಂಗ್‌ಗೆ ಯಾರು ಬರುತ್ತಾರೆ?

ಕಾಲೇಜು ವಿದ್ಯಾರ್ಥಿಗಳು ಮಾಡುವ ಥ್ರಿಲ್ಲರ್ ಕಿರುಚಿತ್ರಗಳಿಗೆ ಈಗ ಒಂದು ವ್ಯಾಕರಣವೇ ಸಿದ್ಧವಾಗಿಬಿಟ್ಟಿದೆ. ಮಿಣಮಿಣ ಎನ್ನುವ ಟ್ಯೂಬ್‌ಲೈಟು, ತೊಟ್ಟಿಕ್ಕುವ ನಲ್ಲಿ, ಗೊತ್ತಿಲ್ಲದ ನಂಬರಿನಿಂದ ಬರುವ ಕರೆ. ತಲೆಯ ಮೇಲೆ ಟೋಪಿ ಎಳೆದುಕೊಂಡ ಒಬ್ಬನ ಬೆನ್ನು. ನೆಲದ ಮೇಲೆ ಹುಡುಗಿಯೊಬ್ಬಳ ಕೈ, ಪಕ್ಕದಲ್ಲಿ ಒಡೆದ ಬಳೆ. ಕೊನೆಯ ನಿಮಿಷದಲ್ಲಿ ಕೊಲೆಗಾರ ಬೇರೆ ಯಾರೂ ಅಲ್ಲ, ಹುಡುಕುತ್ತಿದ್ದವನೇ ಎಂದು ತಿಳಿಯುತ್ತದೆ. ಅವನಿಗೊಂದು ಮಾನಸಿಕ ಕಾಯಿಲೆ ಇರುತ್ತದೆ. ಅದರ ಹೆಸರನ್ನು ಡಾಕ್ಟರ್ ಪಾತ್ರಧಾರಿಯೊಬ್ಬ ಇಂಗ್ಲಿಷಿನಲ್ಲಿ ಹೇಳಿ ಮುಗಿಸುತ್ತಾನೆ.

ನನ್ನ ಪಿಎಚ್.ಡಿ. ಕೆಲಸ ಕನ್ನಡದ ಪತ್ತೇದಾರಿ ಕಾದಂಬರಿಗಳ ಮೇಲೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಜೊತೆ ದಿನ ಕಳೆಯುವವಳು ಎಂಬ ಕಾರಣಕ್ಕೋ ಏನೋ, ಕಾಲೇಜು ಉತ್ಸವಗಳ ಕಿರುಚಿತ್ರ ಸ್ಪರ್ಧೆಗಳಿಗೆ ಮೊದಲ ಸುತ್ತಿನ ಆಯ್ಕೆ ಮಾಡಿಕೊಡಿ ಎಂದು ಕರೆಯುವವರಿದ್ದಾರೆ. ಹಾಗೆ ನೋಡಿದ ಚಿತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಥ್ರಿಲ್ಲರ್‌ಗಳೇ. ತೀರ್ಪುಗಾರರ ಹಾಳೆಯಲ್ಲಿ ಕಥೆಗೆ, ಛಾಯಾಗ್ರಹಣಕ್ಕೆ, ಸಂಕಲನಕ್ಕೆ ಇಷ್ಟಿಷ್ಟು ಅಂಕ ಎಂದಿರುತ್ತದೆ. ಚಿತ್ರವನ್ನು ಯಾವ ಹೊತ್ತಿನಲ್ಲಿ, ಎಲ್ಲಿ, ಯಾರಿಗೆ ಬರಲು ಸಾಧ್ಯವಿತ್ತೋ ಅವರನ್ನು ಕಟ್ಟಿಕೊಂಡು ಹೇಗೆ ಮಾಡಿದರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಅದು ಮ್ಯಾನೇಜರ್ ಕೆಲಸ, ಕಲೆಯಲ್ಲ ಎಂಬ ಭಾವನೆ. ನನಗೆ ಮಾತ್ರ ಈ ಚಿತ್ರಗಳ ಕಥೆ ನಿಜವಾಗಿ ಬರೆಯಲ್ಪಡುವುದು ಅಲ್ಲೇ ಅನ್ನಿಸುತ್ತದೆ. ಶೂಟಿಂಗ್ ವೇಳಾಪಟ್ಟಿಯನ್ನೂ ಒಂದು ಪಠ್ಯದಂತೆ ಓದಬೇಕು.

ಮೊದಲಿಗೆ ಈ ಹುಡುಗರೆಲ್ಲ ದೇವರಂತೆ ಕಾಣುವ ಕ್ರಿಸ್ಟೋಫರ್ ನೋಲನ್‌ನಿಂದಲೇ ಶುರು ಮಾಡೋಣ. ನೋಲನ್ ಓದಿದ್ದು ಸಿನಿಮಾ ಅಲ್ಲ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ. (ಎಂ.ಎ. ತರಗತಿಯಲ್ಲಿ ಕೂತು ಕ್ಯಾಮೆರಾ ಕನಸು ಕಾಣುವವರಿಗೆ ಇದೊಂದು ಸಮಾಧಾನ.) ಅಲ್ಲಿನ ಫಿಲ್ಮ್ ಸೊಸೈಟಿಯ ಸಲಕರಣೆಗಳೇ ಪಾಠಶಾಲೆ. 1997ರ 'ಡೂಡಲ್‌ಬಗ್' ಮೂರು ನಿಮಿಷದ ಕಪ್ಪುಬಿಳುಪು ಚಿತ್ರ. ಒಂದು ಕೊಳಕು ಕೋಣೆ, ಒಬ್ಬ ನಟ, ಕೈಯಲ್ಲೊಂದು ಶೂ. ನೆಲದ ಮೇಲೆ ಓಡಾಡುತ್ತಿರುವ ಏನನ್ನೋ ಜಜ್ಜಲು ಅವನು ಹವಣಿಸುತ್ತಿದ್ದಾನೆ. ಅದು ಹುಳವಲ್ಲ, ಅವನದೇ ಪುಟ್ಟ ರೂಪ ಎಂದು ಆಮೇಲೆ ಕಾಣುತ್ತದೆ.

ನಮ್ಮ ಹುಡುಗರು ಈ ಚಿತ್ರದಿಂದ ಕಲಿಯುವುದು ಈ 'ಟ್ವಿಸ್ಟ್' ಒಂದನ್ನೇ. ನಿಧಾನವಾಗಿ ನೋಡಿದರೆ ಬೇರೊಂದು ವಿಷಯ ಸಿಗುತ್ತದೆ. ಆ ಪುಟ್ಟ ಮನುಷ್ಯ ಮಾಡುವುದನ್ನೇ ದೊಡ್ಡವನು ಒಂದು ಗಳಿಗೆ ತಡವಾಗಿ ಮಾಡುತ್ತಾನೆ. ಅಂದರೆ ಅವನು ಶೂ ಎತ್ತಿ ಜಜ್ಜಿದಾಗ, ಅವನ ಬೆನ್ನ ಹಿಂದೆ ಏನು ಬರಲಿದೆ ಎಂದು ನಮಗೆ ಅವನಿಗಿಂತ ಮೊದಲೇ ಗೊತ್ತಾಗಿಬಿಡುತ್ತದೆ. ಆ ಒಂದೆರಡು ಕ್ಷಣದ ಅಂತರವೇ ಥ್ರಿಲ್ಲರ್. ಹಿಚ್‌ಕಾಕ್ ತ್ರುಫೋ ಜೊತೆಗಿನ ಪ್ರಸಿದ್ಧ ಮಾತುಕತೆಯಲ್ಲಿ ವಿವರಿಸಿದ್ದೂ ಇದನ್ನೇ. ಮೇಜಿನ ಕೆಳಗಿನ ಬಾಂಬು ಥಟ್ಟನೆ ಸಿಡಿದರೆ ಪ್ರೇಕ್ಷಕ ಕೆಲವು ಸೆಕೆಂಡು ಬೆಚ್ಚುತ್ತಾನೆ. ಬಾಂಬಿದೆ ಎಂದು ಅವನಿಗೆ ಮೊದಲೇ ತಿಳಿಸಿ, ಮೇಜಿನ ಬಳಿ ಕೂತವರಿಗೆ ತಿಳಿಸದಿದ್ದರೆ ಹದಿನೈದು ನಿಮಿಷ ಉಸಿರು ಬಿಗಿಹಿಡಿದು ಕೂರುತ್ತಾನೆ. ಇದಕ್ಕೆ ಖರ್ಚಿಲ್ಲ. ಯಾರಿಗೆ ಯಾವಾಗ ಏನು ಗೊತ್ತು ಎಂದು ಹಾಳೆಯ ಮೇಲೆ ಬರೆದುಕೊಳ್ಳುವ ತಾಳ್ಮೆ ಬೇಕು, ಅಷ್ಟೆ. ಆ ತಾಳ್ಮೆ ಇಲ್ಲದ ಕಡೆ ಮನೋರೋಗ ಬರುತ್ತದೆ. ಗಂಟು ಬಿಚ್ಚಲಾಗದ ಕಥೆಯನ್ನು ಕಾಯಿಲೆಯೊಂದರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ನಿಜವಾಗಿ ಆ ಕಾಯಿಲೆಯೊಂದಿಗೆ ಬದುಕುತ್ತಿರುವವರು ಸಭಾಂಗಣದಲ್ಲಿ ಕೂತಿರಬಹುದು ಎಂಬ ಯೋಚನೆಯೂ ಸುಳಿಯುವುದಿಲ್ಲ.

1998ರ 'ಫಾಲೋಯಿಂಗ್' ಕಟ್ಟುನಿಟ್ಟಾಗಿ ನೋಡಿದರೆ ವಿದ್ಯಾರ್ಥಿ ಚಿತ್ರವಲ್ಲ. ನೋಲನ್ ಅಷ್ಟರಲ್ಲಿ ಕಾಲೇಜು ಮುಗಿಸಿಯಾಗಿತ್ತು. ಆದರೆ ಅದನ್ನು ಮಾಡಿದ ರೀತಿ ಪೂರ್ತಿ ವಿದ್ಯಾರ್ಥಿಗಳದ್ದು. ನಟರಿಗೂ ತಂಡದವರಿಗೂ ವಾರವಿಡೀ ಬೇರೆ ಕೆಲಸ ಇದ್ದುದರಿಂದ ಶೂಟಿಂಗ್ ಶನಿವಾರಗಳಂದು, ಹೆಚ್ಚುಕಡಿಮೆ ಒಂದು ವರ್ಷ. ಸಾಮಾನ್ಯವಾಗಿ ಹೇಳುವ ಲೆಕ್ಕದಂತೆ ಒಟ್ಟು ಖರ್ಚು ಆರು ಸಾವಿರ ಡಾಲರ್ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಫಿಲ್ಮಿಗೇ. ಹದಿನಾರು ಎಂ.ಎಂ. ಫಿಲ್ಮಿನ 400 ಅಡಿಯ ಒಂದು ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿದುಹೋಗುತ್ತದೆ. ಆದ್ದರಿಂದ ನಾಟಕದಂತೆ ಮತ್ತೆ ಮತ್ತೆ ತಾಲೀಮು ಮಾಡಿ, ಒಂದೆರಡು ಟೇಕಿನಲ್ಲಿ ಮುಗಿಸುತ್ತಿದ್ದರು. ದೀಪ ಬಾಡಿಗೆಗೆ ದುಡ್ಡಿಲ್ಲ, ಕಿಟಕಿಯ ಬೆಳಕೇ ಗತಿ. ಕಾಲ ಹಿಂದುಮುಂದಾಗುವ ಆ ಕಥೆಯಲ್ಲಿ ನಾವೀಗ ಎಲ್ಲಿದ್ದೇವೆ ಎಂದು ತಿಳಿಯುವುದು ನಾಯಕನ ಕೂದಲು, ಬಟ್ಟೆ, ಮುಖದ ಗಾಯಗಳಿಂದ. ಬೇರೆ ಬೇರೆ ಶನಿವಾರಗಳ ತುಣುಕುಗಳನ್ನು ಜೋಡಿಸಬೇಕಾದ ತಂಡಕ್ಕೆ ತುಣುಕುತುಣುಕಾದ ಕಥೆಯೇ ಹೊಂದುತ್ತದೆ. ಕೊರತೆಯನ್ನು ಮುಚ್ಚಿಡುವ ಬದಲು ಅದು ಹೊಂದುವಂಥ ಕಥೆ ಹುಡುಕಿದ್ದು ಇಲ್ಲಿನ ಜಾಣತನ.

ಈಗ ಫೋನಿನಲ್ಲಿ ಚಿತ್ರೀಕರಿಸುವವರಿಗೆ ಸುರುಳಿ ಮುಗಿಯುವ ಭಯವಿಲ್ಲ. ಒಂದೇ ಶಾಟನ್ನು ಮೂವತ್ತು ಸಲ ತೆಗೆಯುತ್ತಾರೆ. ಆಮೇಲೆ ಆ ಪ್ರಸಿದ್ಧ ವಾಕ್ಯ: 'ಎಡಿಟಿಂಗ್‌ನಲ್ಲಿ ನೋಡ್ಕೊಳ್ಳೋಣ ಬಿಡು'. ಯಾವುದನ್ನು ತೋರಿಸಬಾರದು ಎಂಬ ತೀರ್ಮಾನ ಶೂಟಿಂಗ್‌ಗೆ ಮೊದಲೂ ಆಗುವುದಿಲ್ಲ, ಶೂಟಿಂಗ್‌ನಲ್ಲೂ ಆಗುವುದಿಲ್ಲ. ಎಡಿಟಿಂಗ್ ಟೇಬಲ್ಲಿಗೆ ಬರುವ ಹೊತ್ತಿಗೆ ಸ್ಪರ್ಧೆಗೆ ಕಳಿಸುವ ಕೊನೆಯ ದಿನ ಬಂದಿರುತ್ತದೆ.

ಇನ್ನು ಆ ಬಳೆ ಒಡೆದ ಹುಡುಗಿಯ ವಿಷಯ.

ಒಮ್ಮೆ ಪ್ರದರ್ಶನದ ನಂತರ ಒಬ್ಬ ವಿದ್ಯಾರ್ಥಿ ನಿರ್ದೇಶಕನನ್ನು ಕೇಳಿದೆ, ಆ ಹುಡುಗಿಗೆ ಒಂದಾದರೂ ಮಾತು ಯಾಕಿಲ್ಲ ಎಂದು. ಅವನು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದ: 'ಮೇಡಂ, ಅವಳು ಏಳೂವರೆಗೆ ಹಾಸ್ಟೆಲ್ ಸೇರ್ಕೋಬೇಕಿತ್ತು. ನಮ್ ಸೀನೆಲ್ಲಾ ರಾತ್ರೀದು. ಅದಕ್ಕೇ ಫಸ್ಟ್ ಸೀನಲ್ಲೇ ಸಾಯಿಸ್ಬಿಟ್ವಿ.'

ಸ್ತ್ರೀವಾದಿ ಸಿನಿಮಾ ವಿಮರ್ಶೆಯ ಬಗ್ಗೆ ಎರಡು ಸೆಮಿಸ್ಟರ್ ಓದಿದ್ದಕ್ಕಿಂತ ಹೆಚ್ಚನ್ನು ಈ ಉತ್ತರ ನನಗೆ ಕಲಿಸಿತು. ಅವನಿಗೆ ಹೆಣ್ಣನ್ನು ಹೆಣವಾಗಿ ನೋಡುವ ವಿಕೃತಿಯೇನೂ ಇರಲಿಲ್ಲ. ಒಳ್ಳೆಯ ಹುಡುಗ. ಸ್ಕ್ರಿಪ್ಟಿನಲ್ಲಿ ದೃಶ್ಯದ ತಲೆಬರಹವಾಗಿ 'ರಾತ್ರಿ, ರಸ್ತೆ' ಎಂದು ಅಭ್ಯಾಸಬಲದಿಂದ ಬರೆದುಕೊಂಡಿದ್ದ, ಯಾಕೆಂದರೆ ಥ್ರಿಲ್ಲರ್ ಎಂದರೆ ರಾತ್ರಿ. ಆ ಎರಡು ಪದ ಬರೆದ ಕೂಡಲೇ ತಂಡದಲ್ಲಿ ಯಾರಿರಬೇಕು, ಯಾರಿರಬಾರದು ಎಂಬುದು ತೀರ್ಮಾನವಾಗಿಹೋಯಿತು. ಹುಡುಗರ ಹಾಸ್ಟೆಲಿನ ಗೇಟು ಹಾರಬಹುದು, ವಾರ್ಡನ್ ನಕ್ಕು ಸುಮ್ಮನಾಗುತ್ತಾರೆ. ಹುಡುಗಿಯರ ಹಾಸ್ಟೆಲಿನಿಂದ ಮನೆಗೆ ಫೋನು ಹೋಗುತ್ತದೆ. ಕ್ಯಾಮೆರಾ, ಬೆಳಕು, ಧ್ವನಿಗೆ ಇದ್ದವರೆಲ್ಲ ಹುಡುಗರೇ ಆದರು. ನಟಿಗೆ ಸಿಕ್ಕಿದ್ದು ಸಂಜೆ ಐದರಿಂದ ಏಳರ ತನಕದ ಸಮಯ. ಆ ಹೊತ್ತಿನಲ್ಲಿ, ತಾಲೀಮಿಲ್ಲದೆ, ಮಾತಿಲ್ಲದೆ, ಅರ್ಧ ಗಂಟೆಯಲ್ಲಿ ತೆಗೆಯಬಹುದಾದ ದೃಶ್ಯ ಯಾವುದು? ಸತ್ತು ಮಲಗಿರುವುದು. ಇಲ್ಲವೇ ಗೋಡೆಯ ಮೇಲಿನ ಫೋಟೋ. ಇಲ್ಲವೇ ಫೋನಿನಲ್ಲಿ ಕೇಳುವ ದನಿ, ಅದನ್ನು ಅವಳು ಹಾಸ್ಟೆಲಿನಿಂದಲೇ ರೆಕಾರ್ಡ್ ಮಾಡಿ ಕಳಿಸುತ್ತಾಳೆ. ನಮ್ಮ ವಿದ್ಯಾರ್ಥಿ ಥ್ರಿಲ್ಲರ್‌ಗಳಲ್ಲಿ ಹೆಣ್ಣು ಕಾಣುವ ಮೂರು ರೂಪಗಳು ಬಹುಪಾಲು ಇವೇ. 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು 'ಪಿಂಜ್ರಾ ತೋಡ್' ಎಂದು ಹಾಸ್ಟೆಲ್ ಬೀಗದ ವಿರುದ್ಧ ಬೀದಿಗಿಳಿದಾಗ ಲೈಬ್ರರಿಯ ಮಾತು ಬಂತು, ಬಸ್ಸಿನ ಮಾತು ಬಂತು. ಆ ಬೀಗ ಕಥೆಗಳಿಗೂ ಬೀಳುತ್ತದೆ.

ಎಲ್ಲವನ್ನೂ ಗೇಟಿನ ಮೇಲೆ ಹಾಕಿ ಕೂರುವಂತೆಯೂ ಇಲ್ಲ. ಶನಿವಾರದ ಹಗಲನ್ನು ಅಷ್ಟು ಚೆನ್ನಾಗಿ ಬಳಸಿಕೊಂಡ 'ಫಾಲೋಯಿಂಗ್'ನಲ್ಲೂ ಕೊನೆಗೆ ಸುತ್ತಿಗೆಯೇಟಿಗೆ ಸಾಯುವುದು ಹೆಣ್ಣೇ. ಅವಳಿಗೆ ಆ ಚಿತ್ರದಲ್ಲಿ ಹೆಸರಿಲ್ಲ, ಕೂದಲಿನ ಬಣ್ಣವೇ ಹೆಸರು. ನಾಯಕನಿಗೂ ಹೆಸರಿಲ್ಲವಲ್ಲ ಎನ್ನಬಹುದು. ಆದರೆ ಅವನಿಗೆ ಕಥೆಯಿದೆ, ಅವಳು ಆ ಕಥೆ ತಿರುಗುವ ಕೀಲು. ನಾಯಕ ಬರಹಗಾರನಾಗಬೇಕೆಂದಿರುವವನು, 'ವಸ್ತು' ಬೇಕೆಂದು ಬೀದಿಯಲ್ಲಿ ಅಪರಿಚಿತರ ಹಿಂದೆ ಬೀಳುವವನು. ಸಾಹಿತ್ಯದ ಹೆಸರಿನಲ್ಲಿ ಇನ್ನೊಬ್ಬರ ಬದುಕಿಗೆ ಇಣುಕುವ ಈ ಹಕ್ಕು ಯಾರು ಕೊಟ್ಟದ್ದು ಎಂಬ ಒಳ್ಳೆಯ ಪ್ರಶ್ನೆ ಎತ್ತಿದ ಚಿತ್ರ, ಅದೇ ಪ್ರಶ್ನೆಯನ್ನು ತನಗೆ ಕೇಳಿಕೊಳ್ಳದೆ ಪ್ಲಾಟಿನ ಚತುರತೆಯಲ್ಲಿ ಮುಗಿದುಹೋಗುತ್ತದೆ. ಬುದ್ಧಿವಂತ ಯೋಜನೆ ಇದ್ದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎನ್ನುವವರಿಗೆ ನಾನು ಈ ಚಿತ್ರವನ್ನೇ ತೋರಿಸುತ್ತೇನೆ.

ಹಾಗಾದರೆ ರಾತ್ರಿಯೇ ಬೇಡವೆ? ಬೇಕು, ಆದರೆ ರಾತ್ರಿಗೆ ಕಥೆಯಲ್ಲಿ ಕೆಲಸವಿರಬೇಕು. ಚಿದಾನಂದ ಎಸ್. ನಾಯ್ಕ್ ಅವರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' ನೆನಪಿಸಿಕೊಳ್ಳಿ. ಮೈಸೂರಿನಲ್ಲಿ ವೈದ್ಯಕೀಯ ಓದಿದ ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸಿನಲ್ಲಿ, ವರ್ಷಾಂತ್ಯದ ಅಭ್ಯಾಸವಾಗಿ ಮಾಡಿದ ಹದಿನಾರು ನಿಮಿಷದ ಕನ್ನಡ ಚಿತ್ರ ಅದು. ಶೂಟಿಂಗ್‌ಗೆ ಸಿಕ್ಕಿದ್ದು ನಾಲ್ಕು ದಿನ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ 'ಲಾ ಸಿನೆಫ್' ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಪತ್ರಿಕೆಗಳು ಬಹುಮಾನದ ಬಗ್ಗೆಯೇ ಬರೆದವು, ಇರಲಿ. ಕಥೆ ನಾವೆಲ್ಲ ಸಣ್ಣವರಿದ್ದಾಗ ಒಂದಲ್ಲ ಒಂದು ರೂಪದಲ್ಲಿ ಕೇಳಿದ ಅಜ್ಜಿ ಮತ್ತು ಕೋಳಿಯದು. ಮುದುಕಿಯೊಬ್ಬಳು ಊರಿನ ಹುಂಜ ಕದಿಯುತ್ತಾಳೆ, ಊರಿಗೆ ಬೆಳಗಾಗುವುದೇ ಇಲ್ಲ.

ಇದನ್ನು ಥ್ರಿಲ್ಲರ್ ಎಂದು ಯಾರೂ ಕರೆಯಲಾರರು. ಆದರೂ ಥ್ರಿಲ್ಲರ್ ಮಾಡ ಹೊರಟವರು ಇಲ್ಲಿ ನೋಡಬೇಕಾದ್ದು ಬಹಳ ಇದೆ. ಕತ್ತಲು ಇಲ್ಲಿ ಹಿನ್ನೆಲೆಯಲ್ಲ, ಅಪರಾಧದ ಫಲ. ರಾತ್ರಿಯಲ್ಲಿ ಏನೋ ನಡೆಯುತ್ತದೆ ಎಂಬುದಕ್ಕಿಂತ ರಾತ್ರಿಯೇ ನಡೆದಿರುವ ಘಟನೆ. ಹುಂಜ ಎಲ್ಲಿದೆ ಎಂದು ನಮಗೆ ಗೊತ್ತು, ಊರಿಗೆ ಗೊತ್ತಿಲ್ಲ. ಹಿಚ್‌ಕಾಕನ ಬಾಂಬು ಇಲ್ಲಿ ಕೋಳಿಯಾಗಿದೆ ಎಂದರೆ ತಮಾಷೆ ಅನ್ನಿಸೀತು, ಆದರೆ ಲೆಕ್ಕ ಅದೇ. ಎಲ್ಲಕ್ಕಿಂತ ಮುಖ್ಯವಾಗಿ, ಕಥೆಯನ್ನು ಶುರುಮಾಡುವ ಕೈ ಒಬ್ಬ ಮುದುಕಿಯದು. ಅವಳು ನೆಲದ ಮೇಲೆ ಬಿದ್ದಿಲ್ಲ, ಕಂಕುಳಲ್ಲಿ ಕೋಳಿ ಇಟ್ಟುಕೊಂಡು ಓಡುತ್ತಿದ್ದಾಳೆ. ತೇಜಸ್ವಿಯವರ 'ಜುಗಾರಿ ಕ್ರಾಸ್' ಓದಿದವರಿಗೆ ಇದರ ಇನ್ನೊಂದು ಮುಖ ಗೊತ್ತು. ಅಲ್ಲಿ ಭಯ ಹುಟ್ಟುವುದು ಏಲಕ್ಕಿ ವ್ಯಾಪಾರದಿಂದ, ಕಾಡಿನ ಕಳ್ಳದಾರಿಗಳಿಂದ. ಊರನ್ನು ಬಲ್ಲವನಿಗೆ ಟಾರ್ಚು ಮತ್ತು ಟೋಪಿಯ ಹಂಗಿಲ್ಲ.

ಫಿಲ್ಮ್ ಇನ್‌ಸ್ಟಿಟ್ಯೂಟಿನ ಸವಲತ್ತು ನಮಗೆಲ್ಲಿ ಎಂದು ಕೇಳುವವರಿಗೆ ಇನ್ನೊಂದು ಚಿತ್ರದ ವಿಷಯ ಹೇಳಬೇಕು. ಅದು ಇನ್ನೂ ಮುಗಿದಿಲ್ಲ. ತಾಲ್ಲೂಕು ಕಾಲೇಜೊಂದರ ನಾಲ್ಕು ಜನ ಹುಡುಗಿಯರು ಮಾಡುತ್ತಿರುವುದು, ಕಚ್ಚಾ ರೂಪವನ್ನು ನನಗೆ ತೋರಿಸಿದರು. ಗೇಟು ಹಾಕುವ ಹೊತ್ತನ್ನು ಮೊದಲು ಹಾಳೆಯ ಮೇಲೆ ಬರೆದುಕೊಂಡು ಆಮೇಲೆ ಕಥೆ ಹುಡುಕಿದವರು ಇವರು. ಹಾಗಾಗಿ ಇಡೀ ಕಥೆ ನಡೆಯುವುದು ಮಧ್ಯಾಹ್ನ ಎರಡು ಗಂಟೆಗೆ. ಒಂದು ಮನೆ, ಇಬ್ಬರು ನಟರು, ಎರಡು ಭಾನುವಾರ. ಪರೀಕ್ಷೆಗೆ ಓದುತ್ತಾ ಒಬ್ಬಳೇ ಇರುವ ಹುಡುಗಿಯ ಮನೆಗೆ ಕರೆಂಟ್ ಬಿಲ್ ಕೊಡುವವನು ಬರುತ್ತಾನೆ, ಮೀಟರ್ ನೋಡಿ ಹೋಗುತ್ತಾನೆ, ಪುಟ್ಟದೊಂದು ಡೈರಿ ಕಟ್ಟೆಯ ಮೇಲೆ ಬಿಟ್ಟುಹೋಗುತ್ತಾನೆ. ಅದರಲ್ಲಿ ಆ ಬೀದಿಯ ಪ್ರತಿ ಮನೆಯಲ್ಲೂ ಯಾವ ಹೊತ್ತಿಗೆ ಯಾರು ಒಬ್ಬರೇ ಇರುತ್ತಾರೆ ಎಂದು ಬರೆದಿದೆ. ಅವನು ಡೈರಿ ಹುಡುಕಿಕೊಂಡು ವಾಪಸು ಬಂದೇ ಬರುತ್ತಾನೆ. ಒಣಹಾಕಿದ ಸೀರೆ, ಬಿರುಬಿಸಿಲು, ಪಕ್ಕದ ಮನೆಯ ಕುಕ್ಕರ್ ಶಿಳ್ಳೆ. ಶೂಟಿಂಗ್ ಹಾಳುಮಾಡುತ್ತಿದ್ದ ಆ ಶಿಳ್ಳೆಯನ್ನು ಎರಡನೇ ಭಾನುವಾರ ಕಥೆಗೇ ಸೇರಿಸಿಕೊಂಡರಂತೆ: ಪಕ್ಕದ ಮನೆಯಲ್ಲಿ ಯಾರೋ ಇದ್ದಾರೆ ಎಂಬ ಧೈರ್ಯ ಹುಡುಗಿಗೆ ಬರುವುದು ಅದರಿಂದ, ಮೂರನೇ ಶಿಳ್ಳೆಯ ನಂತರ ಒಲೆ ಆರಿಸುವವರು ಯಾರೂ ಇಲ್ಲ ಎಂದು ತಿಳಿಯುವುದೂ ಅದರಿಂದ.

ಚಿತ್ರದಲ್ಲಿ ತೊಂದರೆಗಳಿವೆ. ಫ್ಯಾನಿನ ಸದ್ದು ಎಲ್ಲ ಮಾತನ್ನೂ ನುಂಗಿದೆ, ಪೂರ್ತಿ ಮತ್ತೆ ರೆಕಾರ್ಡ್ ಮಾಡಬೇಕು. ಬಿಲ್ ಕೊಡುವವನ ಪಾತ್ರ ಮಾಡಿದವನು ಕ್ಯಾಮೆರಾ ನೋಡಿ ನಗು ತಡೆದುಕೊಳ್ಳುವುದು ಎರಡು ಕಡೆ ಗೊತ್ತಾಗುತ್ತದೆ. ನನಗೆ ಅವರ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ಚಿತ್ರಕ್ಕಿಂತ ಹೆಚ್ಚು ಹಿಡಿಸಿತು. ಪ್ರತಿ ಶಾಟಿನ ಮುಂದೆ ಗೆರೆ ಎಳೆದು ಮೂರು ಅಂಕಣ ಮಾಡಿದ್ದರು: 'ನೋಡೋರಿಗೆ ಗೊತ್ತು', 'ಅವಳಿಗೆ ಗೊತ್ತು', 'ಅವನಿಗೆ ಗೊತ್ತು'. ಕೊನೆಯ ಶಾಟಿನ ಮುಂದೆ ಮೂರನೆಯ ಅಂಕಣ ಖಾಲಿ ಇತ್ತು. ಅಲ್ಲಿ ಏನು ಬರೆಯಬೇಕು ಎಂದು ನಾಲ್ವರಿಗೂ ಒಮ್ಮತವಿಲ್ಲ. ಅವನಿಗೆ ಎಲ್ಲ ಗೊತ್ತಾಗಲಿ ಎಂದು ಇಬ್ಬರು, ಅವಳು ಡೈರಿ ಓದಿದ್ದು ಅವನಿಗೆ ಕೊನೆಗೂ ಗೊತ್ತಾಗಬಾರದು ಎಂದು ಇನ್ನಿಬ್ಬರು. ನಾನು ಹೊರಡುವಾಗಲೂ ಜಗಳ ನಡೆದೇ ಇತ್ತು.