ಮಚ್ಚೆ ಮತ್ತು ಮೆಲನೋಮ: ಜೀನು ನಿಯಂತ್ರಣವಾದದ ವಿಮರ್ಶೆ

ಚರ್ಮದ ವರ್ಣಕೋಶಗಳಲ್ಲಿ ಹುಟ್ಟುವ ಮೆಲನೋಮವೆಂಬ ಅರ್ಬುದದ ಕಾರಣವನ್ನು ಹೇಳುವಾಗ, ಜೀನಿನಲ್ಲಿ ಉತ್ಪರಿವರ್ತನೆಯಾಯಿತು, ಆದುದರಿಂದ ರೋಗವುಂಟಾಯಿತು ಎಂದು ಮುಗಿಸಿಬಿಡುವುದು ತರಗತಿಗಳಲ್ಲಿ ರೂಢಿಯಾಗಿದೆ. ಈ ವಿವರಣೆ ಸಾಲದೆಂಬುದು ನಮ್ಮ ಅಭಿಪ್ರಾಯ.

ಮೆಲನೋಮಗಳಲ್ಲಿ ಬಿರಾಫ್ ಜೀನಿನ ಉತ್ಪರಿವರ್ತನೆ ಇರುವುದು 2002ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಅದನ್ನು ಕಾಣುತ್ತೇವೆ. ಮರುವರ್ಷವೇ, ನಿರಪಾಯಕಾರಿಯಾದ ಸಾಮಾನ್ಯ ಮಚ್ಚೆಗಳಲ್ಲಿ ಬಹುಪಾಲಿನಲ್ಲಿ ಇದೇ ಉತ್ಪರಿವರ್ತನೆ ಇರುವುದು ತಿಳಿದುಬಂದಿತು. ಮಚ್ಚೆಯಾದರೋ ಕೆಲಕಾಲ ಬೆಳೆದು ನಿಂತುಬಿಡುತ್ತದೆ. ಒಂದೇ ದೋಷ ಒಂದೆಡೆ ಸುಮ್ಮನಿದ್ದು ಇನ್ನೊಂದೆಡೆ ಪ್ರಾಣಕ್ಕೆ ಎರವಾಗುವುದೇಕೆ?

ಉತ್ತರದ ಒಂದು ಭಾಗವನ್ನು ಜೀನುಗಳ ನಿಯಂತ್ರಣದಲ್ಲಿ ಹುಡುಕಬೇಕು. 2013ರಲ್ಲಿ ಕಂಡುಬಂದ ಟರ್ಟ್ ಜೀನಿನ ಉತ್ಪರಿವರ್ತನೆ ಇದಕ್ಕೆ ನಿದರ್ಶನ. ಅಲ್ಲಿ ಪ್ರೋಟೀನಿನ ರಚನೆಯನ್ನು ನಿರ್ದೇಶಿಸುವ ಭಾಗ ಕೆಡುವುದಿಲ್ಲ. ಜೀನು ಎಷ್ಟು ದುಡಿಯಬೇಕೆಂಬುದನ್ನು ಗೊತ್ತುಮಾಡುವ ಪ್ರವರ್ತಕ ಭಾಗದಲ್ಲಿ ಒಂದೇ ಅಕ್ಷರ ಬದಲಾಗಿ, ನಿಯಂತ್ರಕ ಪ್ರೋಟೀನುಗಳು ಬಂದು ಹಿಡಿಯಲು ಹೊಸ ತಾಣ ಉಂಟಾಗುತ್ತದೆ. ಕೋಶವಿಭಜನೆಗಿದ್ದ ಮಿತಿ ಸಡಿಲುತ್ತದೆ.

ವರ್ಣಕೋಶದ ಗುಣವನ್ನೇ ಆಳುವ ಎಂಐಟಿಎಫ್ ಎಂಬ ನಿಯಂತ್ರಕದ ಸಂಗತಿ ಇನ್ನೂ ಸೂಕ್ಷ್ಮವಾದುದು. ಅದು ಸಾಕಷ್ಟಿದ್ದಾಗ ಅರ್ಬುದಕೋಶಗಳು ವೃದ್ಧಿಹೊಂದುತ್ತವೆ; ಕುಗ್ಗಿದಾಗ ವೃದ್ಧಿ ತಗ್ಗಿ, ಸುತ್ತಲಿನ ಅಂಗಾಂಶಕ್ಕೆ ನುಗ್ಗುತ್ತವೆ. ಕೋಶಗಳು ಈ ಎರಡು ಸ್ಥಿತಿಗಳ ನಡುವೆ ಹೋಗಿಬರುತ್ತವೆಂದು 2008ರಲ್ಲಿ ಹೋಕ್ ಮತ್ತು ಅವರ ಸಂಗಡಿಗರು ಪ್ರತಿಪಾದಿಸಿದರು. ವಾದ ಸೊಗಸಾಗಿದೆ, ಬಹುಶಃ ಅತಿ ಸೊಗಸಾಗಿದೆ. 2016ರಲ್ಲಿ ಕೋಶಗಳನ್ನು ಒಂದೊಂದಾಗಿ ಬಿಡಿಸಿ ಪರೀಕ್ಷಿಸಿದಾಗ, ಒಂದೇ ಗಡ್ಡೆಯಲ್ಲಿ ಎರಡು ಬಗೆಯ ಕೋಶಗಳೂ ಕೂಡಿಯೇ ಇರುವುದು ಕಂಡಿತು. ಅನಂತರದ ಶೋಧನೆಗಳು ನಡುವಣ ಸ್ಥಿತಿಗಳನ್ನೂ ತೋರಿಸಿಕೊಟ್ಟಿವೆ. ಹೀಗಿರಲು ಈ ನಿಯಂತ್ರಣವನ್ನು ದೀಪದ ಗುಂಡಿಗೆ ಹೋಲಿಸುವುದಕ್ಕಿಂತ, ತಂತಿಯನ್ನು ಇಷ್ಟಿಷ್ಟೇ ಬಿಗಿದು ಸಡಿಲಿಸುವ ವೀಣೆಯ ಬಿರಡೆಗೆ ಹೋಲಿಸುವುದು ಮೇಲು.

ಇದು ಬರಿಯ ಪರಿಭಾಷೆಯ ಜಗಳವೆಂದು ಯಾರೂ ಎಣಿಸಬಾರದು. ಬಿರಾಫ್ ದೋಷವನ್ನು ತಡೆಯುವ ವೆಮುರಾಫೆನಿಬ್ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅನೇಕ ರೋಗಿಗಳ ಗಡ್ಡೆಗಳು ಬೇಗನೆ ಕುಗ್ಗಿದುವು. ಕೆಲವು ತಿಂಗಳುಗಳಲ್ಲಿಯೇ ಮತ್ತೆ ಬೆಳೆದುವು. ಹೊಸ ಉತ್ಪರಿವರ್ತನೆಗಳು ಇದಕ್ಕೆ ಒಂದು ಕಾರಣ. ಹೊಸದಾಗಿ ಯಾವ ಉತ್ಪರಿವರ್ತನೆಯೂ ಇಲ್ಲದೆ, ನಿಯಂತ್ರಣವನ್ನಷ್ಟೆ ಬದಲಿಸಿಕೊಂಡು ಔಷಧವನ್ನು ಸಹಿಸಿ ಉಳಿಯುವ ಕೋಶಗಳು ಇನ್ನೊಂದು. ಡಿಎನ್‌ಎಯ ಅಕ್ಷರಗಳನ್ನು ಮಾತ್ರ ಓದುವ ಪರೀಕ್ಷೆಗೆ ಈ ಎರಡನೆಯವು ಕಾಣಿಸುವುದೇ ಇಲ್ಲ.