ಗಲ್ ವಿಹಾರದ ನಿಂತ ಮೂರ್ತಿ: ಒಂದು ವಿಮರ್ಶೆ

ಶ್ರೀಲಂಕೆಯ ಪೊಲೊನ್ನರುವದಲ್ಲಿರುವ ಗಲ್ ವಿಹಾರವು ಒಂದನೆಯ ಪರಾಕ್ರಮಬಾಹುವಿನ (ಕ್ರಿ. ಶ. ೧೧೫೩–೧೧೮೬) ಕಾಲದ ಕೃತಿ. ಒಂದೇ ಬಂಡೆಯ ಮೈಯಲ್ಲಿ ಇಲ್ಲಿ ನಾಲ್ಕು ಮೂರ್ತಿಗಳನ್ನು ಕಡೆಯಲಾಗಿದೆ: ಧ್ಯಾನಸ್ಥನಾದ ಬುದ್ಧ, ಗುಹೆಯೊಳಗಿನ ಚಿಕ್ಕ ಬುದ್ಧ, ಸುಮಾರು ೭ ಮೀಟರು ಎತ್ತರದ ನಿಂತ ಮೂರ್ತಿ, ೧೪ ಮೀಟರು ಉದ್ದದ ಮಲಗಿದ ಬುದ್ಧ. ಇವುಗಳಲ್ಲಿ ಚರ್ಚೆಗೆ ಒಳಗಾಗಿರುವುದು ನಿಂತ ಮೂರ್ತಿ.

ಎದೆಯ ಮೇಲೆ ಕೈಕಟ್ಟಿ ವಿಷಣ್ಣವದನನಾಗಿ ನಿಂತಿರುವ ಈತನು, ಗುರುವಿನ ಪರಿನಿರ್ವಾಣಕ್ಕಾಗಿ ಶೋಕಿಸುತ್ತಿರುವ ಆನಂದನೆಂಬುದು ಬಹುಕಾಲ ಪ್ರಚಾರದಲ್ಲಿದ್ದ ಮತ. ಚಿತ್ರಗಳನ್ನು ನಂಬಿ ನಾವೂ ತರಗತಿಯಲ್ಲಿ ಹಾಗೆಯೇ ಬೋಧಿಸಿದ್ದುಂಟು. ಸ್ಥಳವನ್ನು ಕಂಡ ಮೇಲೆ ಆ ಮಾತನ್ನು ತಿದ್ದಿಕೊಳ್ಳುವುದು ನಮ್ಮ ಕರ್ತವ್ಯವಾಗಿದೆ.

ಮೂರ್ತಿಗಳ ಸುತ್ತಲಿನ ಬಂಡೆಯಲ್ಲಿ ತೊಲೆಗಳನ್ನು ಸೇರಿಸಲು ಕೊರೆದ ಕುಳಿಗಳು ಕಾಣುತ್ತವೆ. ೧೯೦೭ರಲ್ಲಿ ಬೆಲ್ ಅವರು ನಡೆಸಿದ ಉತ್ಖನನದಲ್ಲಿ ಗೋಡೆಗಳ ತಳಪಾಯಗಳು ದೊರೆತವು. ಮೂರ್ತಿಗಳು ಬಯಲಿನಲ್ಲಿ ನಿಂತಿರದೆ ಇಟ್ಟಿಗೆಯ ಪ್ರತಿಮಾಗೃಹಗಳೊಳಗೆ ಇದ್ದವೆಂಬುದು ಇದರಿಂದ ಸ್ಪಷ್ಟ. ಎರಡು ಮೂರ್ತಿಗಳ ನಡುವೆ ಗೋಡೆಯಿದ್ದರೆ ಅವು ಒಂದೇ ದೃಶ್ಯದ ಅಂಗಗಳಾಗಲಾರವು. ಮೇಲಾಗಿ ನಿಂತವನ ಪಾದಗಳ ಕೆಳಗೆ ಪದ್ಮಪೀಠವಿದೆ. ಶಿಷ್ಯನಿಗೆ ಅದು ಸಲ್ಲುವ ಗೌರವವಲ್ಲ.

ಪ್ರತಿಪಕ್ಷದ ಆಧಾರವನ್ನೂ ಮರೆಮಾಚಬಾರದು. ಚೂಳವಂಸವು ಇಲ್ಲಿ ಹೆಸರಿಸುವುದು ವಿದ್ಯಾಧರಗುಹೆ, ಕುಳಿತ ಪ್ರತಿಮೆಯ ಗುಹೆ, ಮಲಗಿದ ಪ್ರತಿಮೆಯ ಗುಹೆ ಎಂಬ ಮೂರನ್ನು ಮಾತ್ರ. ನಿಂತ ಮೂರ್ತಿಗೆ ಪ್ರತ್ಯೇಕ ಉಲ್ಲೇಖವಿಲ್ಲ. ಆದರೆ ಗ್ರಂಥದ ಮೌನವು ನಿಷೇಧವಲ್ಲ. ಎರಡೂ ಒಂದೇ ಗೃಹದಲ್ಲಿದ್ದುವೆಂದು ಒಪ್ಪಿದರೂ ಸಾಮೀಪ್ಯವು ಸಿದ್ಧವಾದೀತೇ ಹೊರತು ಆನಂದತ್ವವು ಸಿದ್ಧವಾಗದು.

ಇದು ಪರರ ದುಃಖಕ್ಕೆ ಮರುಗುವ ಬುದ್ಧನೆಂದು ಪರಣವಿತಾನರು ಪ್ರತಿಪಾದಿಸಿದರು. ಮೂರ್ತಿಯು ಬುದ್ಧನದೆಂಬ ಅವರ ನಿರ್ಣಯವನ್ನು ನಾವು ಒಪ್ಪುತ್ತೇವೆ. ಮುದ್ರೆಯ ಅರ್ಥದ ವಿಷಯದಲ್ಲಿ ಮಾತ್ರ ಸಂಶಯ ಉಳಿಯುತ್ತದೆ. ಮುಖದ ವಿಷಾದವನ್ನೇ ಪ್ರಮಾಣವಾಗಿ ಹಿಡಿಯುವ ದೋಷವು ಎರಡು ವಾದಗಳಿಗೂ ಸಮಾನವಾಗಿದೆ. ವಿಷಾದವು ಶಿಲ್ಪಿಯು ಕಡೆದುದೋ ಪ್ರೇಕ್ಷಕನು ಆರೋಪಿಸಿದುದೋ ಎಂಬುದನ್ನು ಮೊದಲು ವಿಚಾರಿಸಬೇಕಾಗಿತ್ತು.

ಈ ಭ್ರಾಂತಿಗೆ ಮೂಲವಾವುದು? ಗೋಡೆಗಳು ಬಿದ್ದುಹೋದ ಮೇಲೆ ಉಳಿದ ರಮ್ಯವಾದ ಬಯಲು. ಮರಗಳ ನಡುವೆ ತೆರೆದು ನಿಂತ ಬಂಡೆಯನ್ನು ಕಂಡವರು ಮೂಲ ಯೋಜನೆಯೇ ಅದೆಂದು ತಿಳಿಯುತ್ತಾರೆ. ರಕ್ಷಣೆಗಾಗಿ ಇಂದು ಹೊದಿಸಿರುವ ಮಾಡು ಪ್ರಕೃತಿಸೌಂದರ್ಯವನ್ನು ಕೆಡಿಸಿತೆಂದು ದೂರುವವರೂ ಇದ್ದಾರೆ. ಆ ಮಾಡಿನ ರೂಪವನ್ನು ನಾವು ಮೆಚ್ಚಲಾರೆವು. ಆದರೆ ಪರಾಕ್ರಮಬಾಹುವಿನ ಕಾಲದ ಭಕ್ತನು ಈ ಮೂರ್ತಿಗಳನ್ನು ಕಂಡುದು ಮಂದವಾದ ಬೆಳಕಿನಲ್ಲಿ, ಬಾಗಿಲು ದಾಟಿ, ಒಂದೊಂದಾಗಿ. ಆದುದರಿಂದ ವಿದ್ಯಾರ್ಥಿಗಳಿಗೆ ಗಲ್ ವಿಹಾರದ ಚಿತ್ರವನ್ನು ತೋರಿಸುವ ಅಧ್ಯಾಪಕರು ಅದರೊಡನೆ ತಳಪಾಯದ ನಕ್ಷೆಯನ್ನೂ ತೋರಿಸುವುದು ಅವಶ್ಯ.