ಹೊಸ ಹುಳುವಿಗೆ ಹಳೆಯ ಪೆಟ್ಟಿಗೆ

ಇಲ್ಲೇ ಸಿಂಗಾಪುರದ ಯಿಶುನ್‌ನ ಓದುಗರೊಬ್ಬರು ನನ್ನ ಫೋನಿಗೆ ಜೀರುಂಡೆಯೊಂದರ ಚಿತ್ರ ಕಳಿಸಿ, ‘ಆ್ಯಪ್‌ಗೂ ಗುರುತು ಸಿಗಲಿಲ್ಲ ಸರ್, ಹೊಸ ಪ್ರಭೇದವೇ ಇರಬೇಕು’ ಎಂದಿದ್ದಾರೆ. ಕಪ್ಪಗಿದೆ, ಬೆನ್ನು ಮಾತ್ರ ಕಾಣುತ್ತದೆ. ಆ್ಯಪ್‌ಗೆ ಗೊತ್ತಿಲ್ಲದ್ದೆಲ್ಲ ಹೊಸದೆನ್ನುವುದಾದರೆ ನಮ್ಮ ಡಾರ್ಕ್‌ಲಿಂಗ್ ಜೀರುಂಡೆಗಳ ಬಹುಪಾಲು ಸಂಸಾರ ಇವತ್ತು ಬೆಳಗ್ಗೆ ಹುಟ್ಟಿದ್ದು ಎನ್ನಬೇಕಾಗುತ್ತದೆ.

ಈ ಕುಟುಂಬದಲ್ಲಿ ಹೆಸರಿರುವ ಪ್ರಭೇದಗಳೇ 30,000 ದಾಟುತ್ತವೆ. ಗೋಧಿಹಿಟ್ಟಿನ ಡಬ್ಬಿಯಲ್ಲಿ ಸಿಗುವ ಕೆಂಚು ಹುಳು ಇದೇ ಮನೆತನದ್ದು. 2024ರ ಜುಲೈನಲ್ಲಿ ಸಿಂಗಾಪುರ ಸರ್ಕಾರ ತಿನ್ನಲು ಒಪ್ಪಿಗೆ ಕೊಟ್ಟ 16 ಬಗೆಯ ಕೀಟಗಳಲ್ಲಿರುವ ಮೀಲ್‌ವರ್ಮ್ ಕೂಡ ಇದರದ್ದೇ ಮರಿ. ಮನೆತನದ ಗುರುತು ಇಷ್ಟು: ಮುಂದಿನ ನಾಲ್ಕು ಕಾಲುಗಳ ಪಾದದಲ್ಲಿ ಐದೈದು ಗೆಣ್ಣು, ಹಿಂದಿನ ಜೋಡಿಯಲ್ಲಿ ನಾಲ್ಕೇ. ಮೀಸೆಯ ಬುಡ ಕೆನ್ನೆಯ ಅಂಚಿನಡಿ ಅಡಗಿರುತ್ತದೆ. ಇಷ್ಟನ್ನು ನೋಡಲಿಕ್ಕೇ ಹುಳುವನ್ನು ಮಗುಚಬೇಕು, ಫೋನಿನ ಚಿತ್ರ ಮಗುಚುವುದಿಲ್ಲ. ಇನ್ನು ಪ್ರಭೇದ ತೀರ್ಮಾನವಾಗುವುದು ಅನೇಕ ವೇಳೆ ಗಂಡಿನ ಜನನಾಂಗವನ್ನು ಬಿಡಿಸಿ, ಕ್ಷಾರದಲ್ಲಿ ತೊಳೆದು, ಸೂಕ್ಷ್ಮದರ್ಶಕದಡಿ ಇಟ್ಟ ಮೇಲೆ.

ಹೊಸ ಪ್ರಭೇದ ವರ್ಣಿಸುವ ಕೆಲಸ ಹೇಗೆ ನಡೆಯಬೇಕೆಂದು ಕೇಳಿದವರಿಗೆ ನಾನು ಯಾವಾಗಲೂ ತೋರಿಸುವುದು 2007ರ ಒಂದು ಲೇಖನವನ್ನು. ಕೋಳಿಕ್ಕೋಡಿನ ದೇವಗಿರಿಯ ಸೇಂಟ್ ಜೋಸೆಫ್ ಕಾಲೇಜಿನ ಸಾಬು, ಅಭಿತಾ ಮತ್ತು ಬುಡಾಪೆಸ್ಟ್ ವಸ್ತುಸಂಗ್ರಹಾಲಯದ ಒಟ್ಟೊ ಮೆರ್ಕ್ಲ್ ಸೇರಿ ಪಶ್ಚಿಮ ಘಟ್ಟದಿಂದ ಲುಪ್ರಾಪ್ಸ್ ದೇವಗಿರಿಯೆನ್ಸಿಸ್ ಎಂಬ ಹೊಸ ಡಾರ್ಕ್‌ಲಿಂಗ್ ಜೀರುಂಡೆಯನ್ನು ‘ಝೂಟ್ಯಾಕ್ಸಾ’ ಪತ್ರಿಕೆಯಲ್ಲಿ ವರ್ಣಿಸಿದರು. ಹೊಸದಕ್ಕೆ ಹೆಸರಿಟ್ಟು ಅವರು ಕೈತೊಳೆದುಕೊಳ್ಳಲಿಲ್ಲ. ಅದೇ ಕುಲದ ಎರಡು ಹಳಬರನ್ನು, ಫೇರ್‌ಮೇರ್ ಹೆಸರಿಟ್ಟಿದ್ದ ಕರ್ಟಿಕಾಲಿಸ್‌ನನ್ನೂ ಫ್ಯಾಬ್ರಿಸಿಯಸ್ 1801ರಲ್ಲೇ ಹೆಸರಿಸಿದ್ದ ಟ್ರಿಸ್ಟಿಸ್‌ನನ್ನೂ, ಮತ್ತೆ ಮೊದಲಿಂದ ವರ್ಣಿಸಿದರು. ನನ್ನ ಲೆಕ್ಕದಲ್ಲಿ ಆ ಲೇಖನದ ತೂಕವೆಲ್ಲ ಈ ಎರಡನೆಯ ಕೆಲಸದಲ್ಲಿದೆ. ಹಳೆಯವು ಯಾವುವೆಂದು ಖಚಿತವಾಗದೆ ಇದು ಹೊಸದೆಂದು ಯಾವ ಬಾಯಲ್ಲಿ ಹೇಳುವುದು? ಇನ್ನೂರು ವರ್ಷದ ಹಿಂದಿನವರು ನಾಲ್ಕು ಸಾಲು ಲ್ಯಾಟಿನ್ ಬರೆದು ಬಿಟ್ಟುಹೋಗಿರುತ್ತಾರೆ. ಅದು ಎಷ್ಟೋ ಕಪ್ಪು ಹುಳುಗಳಿಗೆ ಹೊಂದುತ್ತದೆ.

ಈ ಟ್ರಿಸ್ಟಿಸ್ ಅಪರಿಚಿತನೇನಲ್ಲ. ಮಲಯಾಳಿಗಳು ಮುಪ್ಲಿ ವಂಡು ಎಂದು ಶಪಿಸುವುದು ಇವನನ್ನೇ. ರಬ್ಬರ್ ತೋಟದಲ್ಲಿ ಉದುರಿದ ಎಲೆ ತಿಂದು ಕೊಬ್ಬಿ, ಮುಂಗಾರಿಗೆ ಮುಂಚಿನ ಮಳೆ ಬಿದ್ದದ್ದೇ ತಡ, ಹಿಂಡುಹಿಂಡಾಗಿ ಮನೆಗೆ ನುಗ್ಗಿ ಅಟ್ಟ ಸೇರಿ ತಿಂಗಳುಗಟ್ಟಲೆ ಮಲಗಿಬಿಡುತ್ತಾನೆ. ಸಾಬು ತಂಡದ ಅಂದಾಜಿನಂತೆ ಒಂದೊಂದು ಮನೆಗೆ 5 ಲಕ್ಷದಿಂದ 40 ಲಕ್ಷ ದಾಟಿ! ಕಚ್ಚುವುದಿಲ್ಲ, ಆದರೆ ಅಮುಕಿದರೆ ಬಿಡುವ ರಸ ಚರ್ಮ ಸುಡುತ್ತದೆ. ಲಕ್ಷಗಟ್ಟಲೆ ಪೊರಕೆಗೆ ಸಿಗುವ ಹುಳುವಿಗೂ ಸರಿಯಾದ ವರ್ಣನೆ ಬರಲು 2007ರವರೆಗೆ ಕಾಯಬೇಕಾಯಿತು.

ಈ ನಿಧಾನದ ದಾರಿಗೆ ತದ್ವಿರುದ್ಧವಾದ ಪಂಥವೊಂದಿದೆ. 2021ರಲ್ಲಿ ಆ ಪಂಥದವರು ಕೋಸ್ಟರಿಕಾದ 403 ಪರಾವಲಂಬಿ ಕಣಜಗಳಿಗೆ ಒಂದೇ ಏಟಿಗೆ ಹೆಸರು ಕೊಟ್ಟರು. ಬಹುತೇಕ ಪ್ರಭೇದಗಳಿಗೆ ಒಂದು ಚಿತ್ರ, ಡಿಎನ್‌ಎಯ ಒಂದು ತುಣುಕು, ಮುಗಿಯಿತು. ಕಾಡು ಉರಿಯುತ್ತಿರುವಾಗ ನಿಧಾನ ಮಾಡಲು ಪುರುಸೊತ್ತಿಲ್ಲ ಎಂಬುದು ಅವರ ವಾದ. ನಮ್ಮ ಸಿಂಗಾಪುರ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಪಾಠ ಹೇಳಿದ ರುಡಾಲ್ಫ್ ಮೈಯರ್ ಮತ್ತವರ ಸಂಗಡಿಗರು ಅದೇ ದತ್ತಾಂಶವನ್ನು ಮತ್ತೆ ಪರೀಕ್ಷಿಸಿ, ತುಣುಕುಗಳ ಹೋಲಿಕೆಯಿಂದಷ್ಟೇ ಮಾಡಿದ ಇಂಥ ಡಿಎನ್‌ಎ ಗುಂಪುಗಳು ಹೆಸರಿಗೆ ಅರ್ಹವಲ್ಲ ಎಂದುಬಿಟ್ಟರು. ಮೈಯರ್ ಡಿಎನ್‌ಎ ವಿರೋಧಿಯಲ್ಲ, ಅಗ್ಗದ ಬಾರ್‌ಕೋಡಿಂಗ್‌ಗೆ ದಾರಿ ಮಾಡಿದವರಲ್ಲಿ ಒಬ್ಬರು. ಅದಕ್ಕೇ ಆ ಮಾತು ನನಗೆ ಹಿತವಾಯಿತು.

ಈ ಜಗಳಗಳಿಂದ ಬೇಸರವಾದಾಗಲೆಲ್ಲ ನಾನು ತೆರೆಯುವುದು ಪ್ರಕೃತಿವಿಜ್ಞಾನಿ ವಾಲೇಸನ ‘ಮಲಯ್ ಆರ್ಕಿಪೆಲಾಗೊ’. 1854ರಲ್ಲಿ ಸಿಂಗಾಪುರದ ಬುಕಿಟ್ ತಿಮಾದ ಪಾದ್ರಿಗಳ ಮನೆಯಲ್ಲಿ ಬಿಡಾರ ಹೂಡಿ, ಒಂದು ಚದರ ಮೈಲಿಯೂ ಮೀರದ ಕಾಡಿನ ತುಂಡಿನಲ್ಲಿ, ಸುಮಾರು ಎರಡು ತಿಂಗಳಲ್ಲಿ 700 ಬಗೆಯ ಜೀರುಂಡೆ ಕೂಡಿಸಿದ. ಅವನ ಮಾತಿನಂತೆ ಹುಲಿಗಳು ದಿನಕ್ಕೊಬ್ಬ ಚೀನೀ ಕೂಲಿಯನ್ನು ಒಯ್ಯುತ್ತಿದ್ದ ಕಾಲ ಅದು. ಹುಲಿ ಹಿಡಿಯಲು ತೋಡಿದ ಗುಂಡಿಗಳ ಭಯ ಬೇರೆ. ಆದರೆ ಆ ಪುಟಗಳಲ್ಲಿ ನನಗೆ ಹುಲಿಗಿಂತ ದೊಡ್ಡದಾಗಿ ಕಾಣುವುದು ಅವನು ಕೊಡುವ ಕಾರಣ. ಚೀನೀ ಮರಕಡಿಯುವವರು ವರ್ಷಗಳಿಂದ ಉರುಳಿಸಿದ ದಿಮ್ಮಿ, ತೊಗಟೆ, ಕೊಳೆತ ಎಲೆ ಅಲ್ಲಿ ಬಿದ್ದಿತ್ತು, ಅದೇ ಮರಿಗಳ ಅನ್ನ. ಅಲ್ಲಿಯ ಚರ್ಚೂ ಸಂತ ಜೋಸೆಫರದ್ದು, ದೇವಗಿರಿಯ ಕಾಲೇಜೂ ಅವರದ್ದೇ. ಬಡಗಿ ಸಂತ, ಕೊಳೆತ ಮರದ ಹುಳುಗಳನ್ನು ಕೈಬಿಟ್ಟಿಲ್ಲ.

ಮತ್ತೆ ನಮ್ಮ ಯಿಶುನ್‌ಗೆ ಬರೋಣ. ಯಿಶುನ್ ಎಂದರೆ ಅನಾನಸು, ರಬ್ಬರು ಬೆಳೆದ ಲಿಮ್ ನೀ ಸೂನ್‌ನ ಊರು. ಆಗ್ನೇಯ ಏಷ್ಯಾದ ರಬ್ಬರಿನ ಮೂಲವಾದ 22 ಸಸಿಗಳು 1877ರಲ್ಲಿ ಬಂದಿಳಿದದ್ದೂ ಈ ದ್ವೀಪಕ್ಕೇ. ಪಕ್ಕದ ನೀ ಸೂನ್ ಜೌಗುಕಾಡು ಈ ದೇಶದಲ್ಲಿ ಉಳಿದ ಕೊನೆಯ ಸಿಹಿನೀರಿನ ಜೌಗುಕಾಡು. ಅಲ್ಲಿಂದ ಅನುಮತಿಯಿಲ್ಲದೆ ಒಂದು ಹುಳುವನ್ನೂ ತರುವಂತಿಲ್ಲ, ಅದು ಸರಿಯೇ. ಆದರೆ ನಮ್ಮ ಬಡಾವಣೆಗಳ ಮರದಡಿ ಹುಳುವಿಗೆ ಅನ್ನವೆಲ್ಲಿ? ಯಂತ್ರ ಹಿಡಿದು ಬೆಳಗಾಗುವ ಮುನ್ನ ಎಲೆ ಊದಿ, ಬಿದ್ದ ಕೊಂಬೆಯನ್ನು ಅಂದೇ ಸಾಗಿಸಿ, ಆಮೇಲೆ ಜೀವವೈವಿಧ್ಯದ ಫಲಕ ನೆಡುತ್ತಾರೆ. ಫಲಕದಲ್ಲಿ ಚಿಟ್ಟೆಯ ಚಿತ್ರ.

ಸುಳ್ಯ, ಪುತ್ತೂರು, ಕಾಸರಗೋಡಿನ ರಬ್ಬರ್ ತೋಟದ ಬಂಧುಗಳಲ್ಲಿ ಒಂದು ವಿನಂತಿ. ಮುಂಗಾರಿಗೆ ಮುಂಚೆ ನಿಮ್ಮ ಅಟ್ಟಕ್ಕೂ ಕಪ್ಪು ಹುಳು ಬಂದರೆ ಎಲ್ಲವನ್ನೂ ಗುಡಿಸಿ ಸುಡಬೇಡಿ. ಹತ್ತಿಪ್ಪತ್ತನ್ನು ಸ್ಪಿರಿಟ್ ಬಾಟಲಿಗೆ ಹಾಕಿ, ಊರು, ತಾರೀಕು, ಹಿಡಿದವರ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಒಳಗೇ ಇಟ್ಟು, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕೊಡಿ. ಚೀಟಿಯನ್ನು ಬಾಟಲಿಯ ಹೊರಗೆ ಅಂಟಿಸಬೇಡಿ, ಉದುರಿಹೋಗುತ್ತದೆ.